ಬಿ.ಇಡಿ.ಯ ಎರಡು ವರ್ಷಗಳು: ಒಬ್ಬ ಪ್ರಶಿಕ್ಷಣಾರ್ಥಿಯ ಅನುಭವ

ಬಿ.ಇಡಿ. ಎಂದರೆ ರೆಕಾರ್ಡ್ ಬರೆಯುವ ಕೋರ್ಸು ಎಂಬ ಮಾತು ಬೆಂಗಳೂರಿನ ಯಾವ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಕುಳಿತರೂ ಕಿವಿಗೆ ಬೀಳುತ್ತದೆ. ನಾನು ಸೇರುವ ಮೊದಲು ನನಗೆ ಈ ಮಾತು ಹೇಳಿದವರೆಲ್ಲ ಸ್ವತಃ ಬಿ.ಇಡಿ. ಮುಗಿಸಿದವರೇ, ಅವರಲ್ಲಿ ಹೆಚ್ಚಿನವರು ಹಳೆಯ ಒಂದು ವರ್ಷದ ಕೋರ್ಸು ಓದಿದವರು. ಎರಡು ವರ್ಷದ ಕೋರ್ಸು ಮುಗಿಸಿ ಈಗ ನಗರದ ಪಶ್ಚಿಮ ಭಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುತ್ತಿರುವ ನನಗೆ ಆ ಮಾತು ಅರ್ಧದಷ್ಟು ನಿಜವೆನ್ನಿಸುತ್ತದೆ. ಬರೆಯುವುದು ವಿಪರೀತವಿದೆ, ಬರೆದದ್ದರಲ್ಲಿ ಬಹುಪಾಲನ್ನು ಯಾರೂ ಓದುವುದಿಲ್ಲ. ಆದರೆ ಮೊದಲ ವರ್ಷದ ಆರಾರು ನಿಮಿಷದ ಪುಟ್ಟ ಪಾಠಗಳು ಮತ್ತು ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್ ಇವೆರಡೂ ಇಲ್ಲದಿದ್ದರೆ, ಒಂದು ಮಗು ತಪ್ಪು ಉತ್ತರ ಕೊಟ್ಟಾಗ ಆ ಉತ್ತರವನ್ನು ಏನು ಮಾಡಬೇಕೆಂಬುದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಈ ಕೋರ್ಸಿನ ಬೆಲೆ ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ನಾನು ಓದಿದ್ದು ಬಿ.ಎಸ್ಸಿ., ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಗಣಿತ. ಪದವಿ ಮುಗಿದ ಮೇಲೆ ನಾಗರಬಾವಿಯ ಕಡೆ ಒಂದು ಟ್ಯೂಷನ್ ಕೇಂದ್ರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಟ್ಯೂಷನ್ನಿಗೆ ಬರುವ ಮಕ್ಕಳು ಪರೀಕ್ಷೆಗಾಗಿಯೇ ಬರುತ್ತಾರೆ. ಸೂತ್ರ ಕೊಟ್ಟು, ಮಾದರಿ ಪ್ರಶ್ನೆಪತ್ರಿಕೆ ಬಿಡಿಸಲು ಕೊಟ್ಟರೆ ಅವರಿಗೂ ಸಮಾಧಾನ, ಪೋಷಕರಿಗೂ ಸಮಾಧಾನ. ಶಾಲೆಯಲ್ಲಿ ಕೆಲಸ ಕೇಳಲು ಹೋದಾಗ ಮಾತ್ರ ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಬಿ.ಇಡಿ. ಆಗಿದೆಯಾ ಮೇಡಂ?" ಎಂಬುದೇ ಆಗಿತ್ತು. 2022ರಲ್ಲಿ ಸರ್ಕಾರ 6ರಿಂದ 8ನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದಾಗ ನನ್ನ ಜೊತೆಗೆ ಓದಿದ ಇಬ್ಬರು ಅರ್ಜಿ ಹಾಕಿದರು. ನಾನು ಹಾಕುವಂತೆಯೇ ಇರಲಿಲ್ಲ. ಅದೇ ವರ್ಷ ಬಿ.ಇಡಿ.ಗೆ ಅರ್ಜಿ ಸಲ್ಲಿಸಿದೆ.

ಸೇರುವ ಕ್ರಮ ದೊಡ್ಡ ಗೋಜಲೇನಲ್ಲ, ಆದರೆ ಕಾಗದಪತ್ರಗಳ ವಿಷಯದಲ್ಲಿ ಎಚ್ಚರವಿರಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕಗಳಿರಬೇಕು, ವಿಜ್ಞಾನ ಮತ್ತು ಗಣಿತ ಓದಿದ ಎಂಜಿನಿಯರಿಂಗ್ ಪದವೀಧರರಾದರೆ ಶೇ. 55; ಮೀಸಲು ವರ್ಗಗಳಿಗೆ ವಿನಾಯಿತಿ ಇದೆ. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿದ್ದೂ ಇದೇ ನಿಯಮಾವಳಿ; ನಮ್ಮಲ್ಲಿ ಅದು ನಾಲ್ಕು ಸೆಮಿಸ್ಟರು. 2015-16ರಿಂದ ಅದು ಜಾರಿಯಲ್ಲಿದೆ. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಆನ್‌ಲೈನ್ ಅರ್ಜಿ, ನೋಡಲ್ ಕೇಂದ್ರದಲ್ಲಿ ಮೂಲ ದಾಖಲೆಗಳ ಪರಿಶೀಲನೆ, ಮೆರಿಟ್ ಪಟ್ಟಿ, ಕಾಲೇಜುಗಳ ಆಯ್ಕೆ, ಆಮೇಲೆ ಸೀಟು. ನಾನು ಹತ್ತನೇ ತರಗತಿಯವರೆಗೆ ಮಾಗಡಿ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿದ್ದರಿಂದ ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ತರಬೇಕಾಗಿತ್ತು. ಇವುಗಳಿಗೆ ಓದಿದ ಶಾಲೆಯ ಮುಖ್ಯಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆಯೊಂದು, ಪ್ರೌಢಶಾಲೆಯೊಂದು, ನಡುವೆ ಕಚೇರಿಯೊಂದು: ಅರ್ಜಿ ಕರೆದ ಮೇಲೆ ಇದಕ್ಕೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಕಾಲೇಜು ಆಯ್ದುಕೊಳ್ಳುವಾಗ ಒಂದು ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವಿಚಾರಿಸಲು ಫೋನ್ ಮಾಡಿದ ಕಡೆಗಳಲ್ಲಿ ಒಂದೆಡೆ, "ಕೆಲಸದಲ್ಲಿದ್ದರೆ ಯೋಚನೆ ಬೇಡ ಮೇಡಂ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಎಂದರು. ತರಗತಿ ಮತ್ತು ಪ್ರಾಯೋಗಿಕ ಕೆಲಸಗಳಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಾತಿ ಕಡ್ಡಾಯವೆಂದು ನಿಯಮ ಹೇಳುತ್ತದೆ. ವರ್ಷಕ್ಕೆ 200 ಕೆಲಸದ ದಿನಗಳಿರಬೇಕೆಂದೂ ಹೇಳುತ್ತದೆ. ಪರೀಕ್ಷೆಯ ಹೊತ್ತಿಗೆ ಮಾತ್ರ ಮುಖ ತೋರಿಸಿ ಪದವಿ ಪಡೆದವರು ಇದ್ದಾರೆ, ಬಿ.ಇಡಿ.ಯಿಂದ ಏನೂ ಪ್ರಯೋಜನವಿಲ್ಲ ಎಂದು ಗಟ್ಟಿಯಾಗಿ ಹೇಳುವವರಲ್ಲಿ ಅವರೂ ಇದ್ದಾರೆ. ನನಗೆ ಸಿಕ್ಕಿದ ಕಾಲೇಜಿನ ಕಟ್ಟಡ ಹಳೆಯದು, ಗ್ರಂಥಾಲಯ ಸಣ್ಣದು. ಆದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ತರಗತಿ ನಡೆಯುತ್ತಿತ್ತು, ಬಾರದಿದ್ದರೆ ಮನೆಗೆ ಫೋನ್ ಬರುತ್ತಿತ್ತು.

ಐವತ್ತು ಜನರ ಒಂದು ಘಟಕ ನಮ್ಮದು. ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಓದಲು ಬಂದ ಹೆಣ್ಣುಮಕ್ಕಳೇ ಹೆಚ್ಚು, ಕನ್ನಡ ಎಂ.ಎ. ಮಾಡಿದವರು, ಇತಿಹಾಸದವರು, ಕಾರ್ಖಾನೆಯ ಕೆಲಸ ಬಿಟ್ಟು ಬಂದ ಒಬ್ಬ ಎಂಜಿನಿಯರ್, ಊರಿನಲ್ಲಿ ಅತಿಥಿ ಶಿಕ್ಷಕರಾಗಿದ್ದವರು ಇದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಲ್ಲಿ ಅನೇಕರಿಗೆ ಬಸ್ಸಿನ ಖರ್ಚು ತಪ್ಪಿತು. ತಿಂಗಳ ಕೊನೆಯಲ್ಲಿ ಆ ಹಣ ಚಾರ್ಟ್ ಪೇಪರಿಗೆ ಹೋಗುತ್ತಿತ್ತು ಎಂಬುದು ಬೇರೆ ಮಾತು. ಮೊದಲ ಸೆಮಿಸ್ಟರಿನ ಸೈದ್ಧಾಂತಿಕ ವಿಷಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಲ್ಯ ಮತ್ತು ಬೆಳವಣಿಗೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಕಲಿಕೆ ಮತ್ತು ಬೋಧನೆ. ಮಕ್ಕಳ ಮನೋವಿಜ್ಞಾನದಲ್ಲಿ ಪಿಯಾಜೆಯ ಹಂತಗಳು, ವೈಗೋಟ್‌ಸ್ಕಿ, ದೇಶದ ಶಿಕ್ಷಣವನ್ನು ಪರಿಶೀಲಿಸಿದ ಕೊಠಾರಿ ಆಯೋಗ. ಇವುಗಳನ್ನು ನಮಗೆ ನೋಟ್ಸ್ ಹೇಳಿ ಬರೆಸಿದರು. ಮಕ್ಕಳು ಜ್ಞಾನವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬ ಸಿದ್ಧಾಂತವನ್ನು ತಲೆ ಎತ್ತದೆ ಬರೆದುಕೊಂಡೆವು, ಅದರ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರಿಸಿದೆವು. ಆ ಮಾತಿಗೆ ಅರ್ಥ ಬಂದದ್ದು ಮುಂದಿನ ವರ್ಷ, ಶಾಲೆಯಲ್ಲಿ.

ಮೈಕ್ರೋ ಟೀಚಿಂಗ್ ಶುರುವಾದ ಮೇಲೆ ಕಾಲೇಜಿನ ವಾತಾವರಣವೇ ಬೇರೆಯಾಯಿತು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಪದ್ಧತಿ ನಮ್ಮ ದೇಶದ ಶಿಕ್ಷಕರ ಕಾಲೇಜುಗಳಲ್ಲಿ ಬಹಳ ಕಾಲದಿಂದ ಇದೆ. ಒಂದು ಸಲಕ್ಕೆ ಒಂದೇ ಕೌಶಲ: ಪಾಠ ಪೀಠಿಕೆ, ಪ್ರಶ್ನಿಸುವುದು, ದೃಷ್ಟಾಂತಗಳೊಡನೆ ವಿವರಿಸುವುದು, ಪುನರ್ಬಲನ (ಮೆಚ್ಚಿ ಹುರಿದುಂಬಿಸುವುದು), ಕಪ್ಪುಹಲಗೆಯ ಬಳಕೆ ಹೀಗೆ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಅದೇ ಪಾಠ, 6 ನಿಮಿಷ ಹಿಮ್ಮಾಹಿತಿ. ಒಂದು ಸುತ್ತು 36 ನಿಮಿಷಕ್ಕೆ ಮುಗಿಯುತ್ತದೆ. ಸಹಪಾಠಿಗಳೇ ಎಂಟನೇ ತರಗತಿಯ ಮಕ್ಕಳು, ಅವರಲ್ಲಿ ಇಬ್ಬರು ವೀಕ್ಷಕರು. ಎರಡು ಮಕ್ಕಳ ತಾಯಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ತುಂಟ ಹುಡುಗನಂತೆ ನಟಿಸಿದರೆ ನಗು ಬಾರದೆ ಇರುತ್ತದೆಯೇ? ಮೊದಮೊದಲು ನಕ್ಕೆವು. ವೀಕ್ಷಣಾ ಹಾಳೆಗಳು ಕೈಗೆ ಬಂದಾಗ ನಗು ತಾನಾಗಿ ಕಡಿಮೆಯಾಯಿತು.

ಆ ಹಾಳೆಯಲ್ಲಿ ಇರುವುದು ಗೆರೆಗಳು ಮಾತ್ರ. ಎಷ್ಟು ಪ್ರಶ್ನೆ ಕೇಳಿದರು, ಅವುಗಳಲ್ಲಿ ಹೌದು-ಇಲ್ಲ ಎಂದು ಉತ್ತರಿಸುವಂಥವು ಎಷ್ಟು, ತಾವೇ ಕೇಳಿ ತಾವೇ ಉತ್ತರಿಸಿದ್ದು ಎಷ್ಟು, ಉತ್ತರವನ್ನು ಸುಮ್ಮನೆ ಮರುಉಚ್ಚರಿಸಿದ್ದು ಎಷ್ಟು ಎಂದು ಪ್ರತಿಯೊಂದಕ್ಕೂ ಒಂದೊಂದು ಗೆರೆ. ನಮ್ಮೆಲ್ಲರ ಹಾಳೆಗಳಲ್ಲೂ "ಅರ್ಥ ಆಯ್ತಾ?" ಎಂಬುದರ ಮುಂದೆ ಗೆರೆಗಳ ಸಾಲೇ ಇತ್ತು. ಅರ್ಥ ಆಯ್ತಾ ಎಂದು ಕೇಳಿದರೆ ಇಡೀ ತರಗತಿ ರಾಗವಾಗಿ ಹೂಂ ಎನ್ನುತ್ತದೆ, ಶಿಕ್ಷಕರು ಮುಂದಕ್ಕೆ ಹೋಗುತ್ತಾರೆ; ಆ ಪ್ರಶ್ನೆಯಿಂದ ಯಾರಿಗೆ ಏನು ತಿಳಿಯಿತೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಭೌತವಿಜ್ಞಾನ ಬೋಧನಾ ಪದ್ಧತಿಯ ಪ್ರಾಧ್ಯಾಪಕರು ಆ ಪ್ರಶ್ನೆಯನ್ನೇ ನಿಷೇಧಿಸಿದರು. ಕೇಳಲೇಬೇಕಿದ್ದರೆ, ಅರ್ಥವಾಗಿದ್ದರೆ ಮಾತ್ರ ಉತ್ತರಿಸಲು ಸಾಧ್ಯವಾಗುವಂಥ ಬೇರೊಂದು ಪ್ರಶ್ನೆ ಕೇಳಿ ಎಂದರು.

ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಇನ್ನೊಂದನ್ನೂ ಅಳೆಯುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತನಾಡುತ್ತಾರೆಂದೂ ಕಂಡುಕೊಂಡಿದ್ದರು. ಮೂರು ಸೆಕೆಂಡು ಎಂದರೆ ಏನು ಮಹಾ ಎನ್ನಿಸಬಹುದು. ಕಪ್ಪುಹಲಗೆಯ ಮುಂದೆ ನಿಂತು, ಎಲ್ಲರ ಕಣ್ಣೂ ನಿಮ್ಮ ಮೇಲಿರುವಾಗ, ಬಾಯಿ ಮುಚ್ಚಿಕೊಂಡು ಮೂರು ಸೆಕೆಂಡು ನಿಂತು ನೋಡಬೇಕು. ನಮ್ಮಲ್ಲಿ ಬಹುತೇಕರು ಎರಡು ಎಣಿಸುವುದರೊಳಗೆ ಉತ್ತರದ ಮೊದಲ ಅಕ್ಷರವನ್ನು ತಾವೇ ಹೇಳಿಬಿಡುತ್ತಿದ್ದರು. ಈ ಅಭ್ಯಾಸವನ್ನು ಯಾವ ಪುಸ್ತಕ ಓದಿಯೂ ಕಲಿಯಲಾಗದು. ಮರುಪಾಠದ ಆರು ನಿಮಿಷ ಇದೆಯಲ್ಲ, ಅದು ಇದಕ್ಕಾಗಿಯೇ ಇರುವುದು.

ಪಾಠಯೋಜನೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿರುವುದು 5ಇ ಮಾದರಿ: ಮಕ್ಕಳನ್ನು ತೊಡಗಿಸುವುದು, ಅನ್ವೇಷಿಸಲು ಬಿಡುವುದು, ಕಂಡದ್ದನ್ನು ವ್ಯಕ್ತಪಡಿಸಲು ಅವಕಾಶ ಕೊಡುವುದು, ವಿಸ್ತರಿಸುವುದು, ಮೌಲ್ಯಮಾಪನ ಮಾಡುವುದು. ಯೋಚನೆ ಒಳ್ಳೆಯದೇ. ಆದರೆ ಅದನ್ನು ಅಂಕಣ ಎಳೆದು, ಬಣ್ಣದ ಪೆನ್ನಿನಲ್ಲಿ ತಲೆಬರಹ ಹಾಕಿ, ಪ್ರತಿ ಪಾಠಕ್ಕೂ ನಾಲ್ಕೈದು ಪುಟ ತುಂಬಿಸಬೇಕೆಂದಾಗ ಪಾಠಕ್ಕಿಂತ ಅಂಕಣವೇ ಮುಖ್ಯವಾಗುತ್ತದೆ. "ವಿದ್ಯಾರ್ಥಿಯು ಗುರುತಿಸುವನು, ವಿದ್ಯಾರ್ಥಿಯು ಹೋಲಿಸುವನು" ಎಂದು ಬ್ಲೂಮ್‌ರ ವರ್ಗೀಕರಣದ (ಕಲಿಕೆಯ ಉದ್ದೇಶಗಳ ಹಂತಪಟ್ಟಿ) ಕ್ರಿಯಾಪದಗಳನ್ನು ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಂಡವರೇ ಹೆಚ್ಚು. ಆ ನಾಲ್ಕೈದು ಪುಟಗಳಲ್ಲಿ ಕೆಲಸಕ್ಕೆ ಬಂದದ್ದು ಒಂದೇ ಅಂಕಣ, ವಿದ್ಯಾರ್ಥಿಯ ಚಟುವಟಿಕೆಯದು. ನಾನು ವಿವರಿಸುತ್ತೇನೆ, ನಾನು ಚಿತ್ರ ಬರೆಯುತ್ತೇನೆ ಎಂದು ಶಿಕ್ಷಕರ ಅಂಕಣ ತುಂಬುತ್ತ ಹೋದಂತೆ ಪಕ್ಕದಲ್ಲಿ ಮಕ್ಕಳು "ಆಲಿಸುವರು, ಆಲಿಸುವರು, ಆಲಿಸುವರು" ಎಂದಷ್ಟೇ ಬರೆಯಬೇಕಾಗಿ ಬಂದರೆ ಆ ಪಾಠದಲ್ಲಿ ಏನೋ ಕೊರತೆಯಿದೆ ಎಂದು ಶಾಲೆಗೆ ಹೋಗುವ ಮೊದಲೇ ತಿಳಿಯುತ್ತದೆ. ಈಗಲೂ ನಾನು ಅರ್ಧ ಹಾಳೆಯಲ್ಲಿ ಆ ಒಂದು ಅಂಕಣವನ್ನು ಬರೆದುಕೊಂಡೇ ತರಗತಿಗೆ ಹೋಗುತ್ತೇನೆ.

ಎರಡೂ ವರ್ಷ ಸೇರಿ 20 ವಾರಗಳನ್ನು ಶಾಲೆಯಲ್ಲಿ ಕಳೆಯಬೇಕು. ಮೊದಲ ವರ್ಷದ 4 ವಾರ ಹೆಚ್ಚಾಗಿ ವೀಕ್ಷಣೆಗೆ ಹೋಗುತ್ತದೆ. ಬೇರೆಯವರ ಪಾಠ ನೋಡುವುದು, ಶಾಲೆಯ ದಾಖಲೆ ಪುಸ್ತಕಗಳನ್ನು ತಿಳಿಯುವುದು, ಕೆಲವು ಪಾಠ ಮಾಡುವುದು. ಎರಡನೆಯ ವರ್ಷದ 16 ವಾರವೇ ನಿಜವಾದ ಇಂಟರ್ನ್‌ಶಿಪ್. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರದೊಡನೆ ನಮ್ಮಲ್ಲಿ ಕೆಲವರನ್ನು ಮೈಸೂರು ರಸ್ತೆಯ ಆಸುಪಾಸಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಕಳುಹಿಸಿದರು. ಅಲ್ಲಿ ಕನ್ನಡ ಮಾಧ್ಯಮ, ಆಂಗ್ಲ ಮಾಧ್ಯಮ ಎರಡೂ ಇದ್ದವು. ಮಕ್ಕಳ ತಾಯಂದಿರಲ್ಲಿ ಅನೇಕರು ಗಾರ್ಮೆಂಟ್ಸ್‌ಗೆ ಹೋಗುವವರು, ತಂದೆಯರು ಕಟ್ಟಡ ಕೆಲಸದವರು, ಆಟೋ ಓಡಿಸುವವರು. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ಕುಟುಂಬಗಳ ಮಕ್ಕಳು, ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಬೆಳಗ್ಗೆ ಪ್ರಾರ್ಥನೆ, ಕ್ಷೀರಭಾಗ್ಯದ ಹಾಲು, ಆಮೇಲೆ ನಲವತ್ತು ನಿಮಿಷದ ಪೀರಿಯಡ್ಡುಗಳು. ಹಾಲು ಕುಡಿದ ಲೋಟ ತೊಳೆದು ಬರುವಷ್ಟರಲ್ಲಿ ಮೊದಲ ಪೀರಿಯಡ್ಡಿನ ಹತ್ತು ನಿಮಿಷ ಹೋಗಿರುತ್ತಿತ್ತು. ಯಾವ ಪಾಠಯೋಜನೆಯ ಅಂಕಣದಲ್ಲೂ ಇದಕ್ಕೆ ಜಾಗವಿಲ್ಲ.

ನನಗೆ ಮಾರ್ಗದರ್ಶಿ ಶಿಕ್ಷಕಿಯಾಗಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಮೇಡಂ. ನನ್ನ ಪಾಠಯೋಜನೆಯ ಪುಸ್ತಕವನ್ನು ಅವರು ತೆರೆದು ನೋಡಿದ್ದು ಕಡಿಮೆ, ಆದರೆ ನನ್ನ ಪಾಠಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳನ್ನೇ ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಅವರು ಹೇಳುತ್ತಿದ್ದುದೆಲ್ಲ ಮಕ್ಕಳ ಬಗ್ಗೆಯೇ: "ಮೂರನೇ ಸಾಲಿನ ಹುಡುಗಿ ಎರಡು ಸಲ ಕೈ ಎತ್ತಿ ಇಳಿಸಿದಳು, ನೋಡಿದೆಯೇನಮ್ಮ?" ನಾನು ನೋಡಿರುತ್ತಿರಲಿಲ್ಲ.

ಒಂದು ಪಾಠವನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಅಧ್ಯಾಯ, ಸರಣಿ ಜೋಡಣೆ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದನ್ನು ಜೋಡಿಸುವುದು. ನಮ್ಮ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪಠ್ಯದ ಕನ್ನಡ ರೂಪ. ಅದರಲ್ಲಿ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ಅಮ್ಮೀಟರನ್ನು ಬೇರೆ ಬೇರೆ ಕಡೆ ಇಟ್ಟು ಪ್ರವಾಹ ಅಳೆಯುವ ಚಟುವಟಿಕೆಯಿದೆ. ಮಕ್ಕಳಿಗೆ ಕಣ್ಣಿಗೆ ಕಾಣಲಿ ಎಂದು ರೋಧಕಗಳ ಬದಲು ಎಸ್.ಪಿ. ರಸ್ತೆಯಿಂದ ಟಾರ್ಚ್ ಬಲ್ಬು, ಹೋಲ್ಡರು, ತಂತಿ ತಂದಿದ್ದೆ. ಸರ್ಕಿಟ್ ಮುಚ್ಚುವ ಮೊದಲು, ಎರಡು ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆಂದು ಎಲ್ಲರೂ ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕಾರಣವನ್ನೂ ಬರೆಯಿರಿ ಎಂದೆ. ಬಹುತೇಕ ಮಕ್ಕಳು ಮೊದಲನೆಯದು ಎಂದು ಬರೆದಿದ್ದರು. ರಾಯಚೂರು ಕಡೆಯ ಹುಡುಗನೊಬ್ಬ ಎದ್ದು ನಿಂತು ಕಾರಣ ಹೇಳಿದ: "ಮೊದಲ್ನೇ ಬಲ್ಬು ಕರೆಂಟ್ ತಿಂತದ್ರಿ ಮಿಸ್. ಉಳಿದದ್ದು ಎರಡ್ನೇದಕ್ಕ ಹೋಗ್ತದ." ತರಗತಿಯಲ್ಲಿ ನಗುವಿಲ್ಲ, ಎಲ್ಲರೂ ಅದನ್ನೇ ನಂಬಿದ್ದರು. ಪ್ರಾಧ್ಯಾಪಕರು ಹೇಳಿದ್ದು ನೆನಪಿಟ್ಟುಕೊಂಡು, ಸರಿ-ತಪ್ಪು ಎನ್ನದೆ ಅವನ ಮಾತನ್ನು ಅವನ ಮಾತಿನಲ್ಲಿಯೇ ಬೋರ್ಡಿನ ಮೇಲೆ ಬರೆದೆ.

ಸರ್ಕಿಟ್ ಮುಚ್ಚಿದೆ. ಮೊದಲನೆಯ ಬಲ್ಬೇ ಹೆಚ್ಚು ಬೆಳಗಿತು. ಎರಡನೆಯದು ಮಂಕಾಗಿ ಕೆಂಪಗಿತ್ತು. ಹುಡುಗರೆಲ್ಲ ಕೇಕೆ ಹಾಕಿದರು. ಅಂಗಡಿಯವರು ಕೊಟ್ಟಿದ್ದ ಬಲ್ಬುಗಳು ಬೇರೆ ಬೇರೆ ರೇಟಿಂಗಿನವು. ಸರಣಿಯಲ್ಲಿ ಒಂದೇ ಪ್ರವಾಹ ಹರಿಯುವಾಗ ರೋಧ ಹೆಚ್ಚಿರುವ ಬಲ್ಬು ಹೆಚ್ಚು ಬೆಳಗುತ್ತದೆ, ಅದೇ ಮೊದಲ ಜಾಗದಲ್ಲಿ ಕುಳಿತಿತ್ತು. ಇದನ್ನು ನಾನು ಬಾಯಲ್ಲಿ ವಿವರಿಸತೊಡಗಿದ್ದರೆ ಮಕ್ಕಳು ತಲೆಯಾಡಿಸಿ, ಮೊದಲನೆಯ ಬಲ್ಬು ತಿನ್ನುತ್ತದೆ ಎಂಬ ನಂಬಿಕೆಯನ್ನು ಹಾಗೆಯೇ ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಒಂದು ಮಾತೂ ಆಡದೆ ಎರಡು ಕೈಗಳನ್ನು ಒಂದರ ಮೇಲೊಂದು ಕತ್ತರಿಯಾಡಿಸಿ ತೋರಿಸಿದರು. ಅದಲುಬದಲು ಮಾಡು ಎಂದು. ಆ ಹುಡುಗನನ್ನೇ ಮುಂದೆ ಕರೆದು ಬಲ್ಬುಗಳನ್ನು ಹೋಲ್ಡರಿನಿಂದ ತಿರುಚಿ ತೆಗೆದು ಜಾಗ ಬದಲಿಸಲು ಹೇಳಿದೆ. ಮತ್ತೆ ಸರ್ಕಿಟ್ ಮುಚ್ಚಿದಾಗ ಮಂಕಾದ ಬಲ್ಬು ಮೊದಲ ಜಾಗದಲ್ಲಿದ್ದರೂ ಮಂಕಾಗಿಯೇ ಇತ್ತು. ಕೊನೆಯ ಜಾಗಕ್ಕೆ ಹೋದದ್ದು ಚೆನ್ನಾಗಿ ಬೆಳಗುತ್ತಿತ್ತು. ಅವನು ಬಲ್ಬುಗಳನ್ನೂ ಬೋರ್ಡನ್ನೂ ಎರಡೆರಡು ಸಲ ನೋಡಿದ. ಆಮೇಲೆ ಪ್ರಯೋಗಾಲಯದ ಬೀರುವಿನಲ್ಲಿ ಸರಿಯಾಗಿದ್ದ ಒಂದೇ ಅಮ್ಮೀಟರನ್ನು ಮೊದಲ ಬಲ್ಬಿಗಿಂತ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ ಇಟ್ಟು ಮಕ್ಕಳಿಂದಲೇ ಓದಿಸಿದೆ. ಮುಳ್ಳು ಎಲ್ಲ ಕಡೆಯೂ ಒಂದೇ ಗೆರೆಯ ಮೇಲೆ ನಿಂತಿತು.

ಪೀರಿಯಡ್ಡಿನ ಗಂಟೆ ಹೊಡೆಯುವ ಹೊತ್ತಿಗೆ ಅದೇ ಹುಡುಗ ಕೇಳಿದ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ: "ಹಂಗಾದ್ರ ಸೆಲ್ ಯಾಕ ಖಾಲಿ ಆಗ್ತದ್ರಿ?" ಪ್ರವಾಹ ಖರ್ಚಾಗುವುದಿಲ್ಲವೆಂದ ಮೇಲೆ ಸೆಲ್ ಖಾಲಿಯಾಗುವುದೇಕೆ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಅಧ್ಯಾಯದಲ್ಲಿ ಯಾರೂ ಕೇಳಲಾರರು. ಮರುದಿನದ ಇಡೀ ಪಾಠ ಅದರ ಮೇಲೆಯೇ ನಡೆಯಿತು. ಸೈಕಲ್ಲಿನ ಚೈನು ಸುತ್ತಿ ಸುತ್ತಿ ಬರುತ್ತದೆ, ಎಲ್ಲಿಯೂ ಖರ್ಚಾಗುವುದಿಲ್ಲ, ಆದರೂ ತುಳಿಯುವವರ ಕಾಲು ಸೋಲುತ್ತದೆ ಎಂದು ಹೇಳಿ, ಪ್ರವಾಹ ಬೇರೆ, ಶಕ್ತಿ ಬೇರೆ ಎಂಬಲ್ಲಿಗೆ ಬಂದೆವು. ಸೆಲ್ಲಿನೊಳಗಿನ ರಾಸಾಯನಿಕ ಶಕ್ತಿ ಬಲ್ಬಿನಲ್ಲಿ ಬೆಳಕೂ ಶಾಖವೂ ಆಗುವುದನ್ನು ಮಾತನಾಡಿದೆವು. ಇದರಿಂದ ಪಠ್ಯ ಒಂದು ದಿನ ಹಿಂದೆ ಬಿತ್ತು. ಮೇಡಂ ಹೇಳಿದ್ದಿಷ್ಟು: "ಪರವಾಗಿಲ್ಲಮ್ಮ, ಓಮ್ ನಿಯಮದ ಲೆಕ್ಕ ಶನಿವಾರ ಮಾಡಿಸೋಣ." ಪಿಯಾಜೆ, ವೈಗೋಟ್‌ಸ್ಕಿ ಎಂದು ಬರೆದುಕೊಂಡಿದ್ದ ನೋಟ್ಸನ್ನು ಆ ವಾರ ಮನೆಯಲ್ಲಿ ಮತ್ತೆ ತೆಗೆದು ಓದಿದೆ, ಈ ಸಲ ಅಂಕಗಳಿಗಾಗಿ ಓದಲಿಲ್ಲ.

ಇಂಟರ್ನ್‌ಶಿಪ್ಪಿನಲ್ಲಿ ಎಲ್ಲ ದಿನಗಳೂ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಶಿಕ್ಷಕರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಖಾಲಿ ಪೀರಿಯಡ್ಡುಗಳೆಲ್ಲ ನಮ್ಮ ತಲೆಗೆ ಬರುತ್ತಿದ್ದವು. ಗಣಿತದವಳಾದ ನಾನು ಹಿಂದಿ ಪೀರಿಯಡ್ಡಿನಲ್ಲಿ ಒಂಬತ್ತನೇ ತರಗತಿಯನ್ನು ಸುಮ್ಮನೆ ಕೂರಿಸುವ ಕೆಲಸ ಮಾಡಿದ್ದೇನೆ. ವಿದ್ಯಾರ್ಥಿಗಳ ವಿವರಗಳನ್ನು ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ತುಂಬಿಸಲು, ಅಂಕಗಳನ್ನು ಪಟ್ಟಿ ಮಾಡಲು ನಮ್ಮನ್ನು ಕೂರಿಸುತ್ತಿದ್ದರು. ಶಾಲೆಯ ಕೆಲಸದಲ್ಲಿ ಇದೆಲ್ಲ ಎಷ್ಟು ಪಾಲು ಎಂದು ತಿಳಿಯಿತು ಎಂಬುದು ನಿಜ, ಆದರೆ ಪ್ರಶಿಕ್ಷಣಾರ್ಥಿಯನ್ನು ಪುಕ್ಕಟೆ ಗುಮಾಸ್ತೆಯನ್ನಾಗಿ ಮಾಡಿಕೊಳ್ಳುವುದಕ್ಕೂ ಕೆಲಸ ಕಲಿಸುವುದಕ್ಕೂ ನಡುವೆ ಒಂದು ಗೆರೆ ಇರಬೇಕು. ಆ ಗೆರೆಯನ್ನು ಕಾಲೇಜಿನವರು ಎಳೆಯಬೇಕಿತ್ತು. ಅವರು ವಾರಕ್ಕೊಮ್ಮೆ ಬಂದು ಹಾಜರಾತಿ ನೋಡಿ ಹೋಗುತ್ತಿದ್ದರು.

ಶಿಸ್ತಿನ ವಿಚಾರದಲ್ಲಿ ಬಿ.ಇಡಿ. ಪುಸ್ತಕಗಳು ಹೆಚ್ಚು ನೆರವಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಕೋಲು ಬೇಡ ಎಂದಾದ ಮೇಲೆ ಕೊನೆಯ ಪೀರಿಯಡ್ಡಿನಲ್ಲಿ ಅರವತ್ತು ಮಕ್ಕಳಿರುವ ಕೊಠಡಿಯಲ್ಲಿ ಏನು ಬೇಕು ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಮೇಡಂ. ಅವರು ಎಂದೂ ಧ್ವನಿ ಏರಿಸುತ್ತಿರಲಿಲ್ಲ. ಗದ್ದಲ ಎದ್ದ ಕಡೆಗೆ ಪಾಠ ಹೇಳುತ್ತಲೇ ನಡೆದು ಹೋಗಿ, ಅಲ್ಲಿಯೇ ನಿಂತು, ಆ ಹುಡುಗನ ಪುಸ್ತಕವನ್ನೇ ಕೈಗೆ ತೆಗೆದುಕೊಂಡು ಮುಂದಿನ ಸಾಲು ಓದುತ್ತಿದ್ದರು. ಬೋರ್ಡಿನ ಮೇಲೆ ಉದ್ದಕ್ಕೆ ಬರೆಯುವಾಗ ತರಗತಿಗೆ ಪೂರ್ತಿ ಬೆನ್ನು ಹಾಕದೆ ಓರೆಯಾಗಿ ನಿಲ್ಲುತ್ತಿದ್ದರು. ಮೊದಲ ವಾರದಲ್ಲೇ ಎಲ್ಲ ಮಕ್ಕಳ ಹೆಸರು ಕಲಿ ಎಂದಿದ್ದರು. ಹೆಸರು ಹಿಡಿದು ಕರೆದಾಗ ಕೇಳುವಷ್ಟು "ಏಯ್, ಹಿಂದಿನ ಬೆಂಚು" ಎಂದಾಗ ಯಾರೂ ಕೇಳುವುದಿಲ್ಲ.

ಮೌಲ್ಯಮಾಪನದ ಕೆಲಸ ನನಗೆ ಇಷ್ಟವಾಯಿತು, ಇದನ್ನು ಹೇಳಿದರೆ ಸಹಪಾಠಿಗಳು ನಗುತ್ತಿದ್ದರು. ಯಾವುದಕ್ಕೆ ಎಷ್ಟು ಅಂಕವೆಂಬ ನೀಲನಕ್ಷೆ ಹಾಕಿ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವುದು, ಯಾವ ಪ್ರಶ್ನೆಯಲ್ಲಿ ಯಾರು ಯಾವ ಹಂತದಲ್ಲಿ ಎಡವಿದರೆಂದು ಪಟ್ಟಿ ಮಾಡುವುದು, ಅದರಿಂದ ತಪ್ಪಿನ ಮೂಲ ಹುಡುಕುವ ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ. ನನ್ನ ಕ್ರಿಯಾ ಸಂಶೋಧನೆಯ (ತರಗತಿಯ ಸಮಸ್ಯೆಯೊಂದನ್ನು ಶಿಕ್ಷಕರೇ ಅಧ್ಯಯನ ಮಾಡುವುದು) ವಿಷಯವೂ ಇಲ್ಲಿಂದಲೇ ಹುಟ್ಟಿತು: ಮೇಜಿನ ಮೇಲೆ ಸರ್ಕಿಟ್ ಜೋಡಿಸಬಲ್ಲ ಮಕ್ಕಳು ಅದರ ನಕ್ಷೆಯನ್ನು ಬರೆಯುವಾಗ ವೋಲ್ಟ್‌ಮೀಟರನ್ನು ಸಮಾಂತರದ ಬದಲು ಸರಣಿಯಲ್ಲಿ ಹಾಕುವುದೇಕೆ ಎಂಬುದು. ಕೈಯಲ್ಲಿ ಜೋಡಿಸಿದ್ದರ ಪಕ್ಕದಲ್ಲೇ ತಂತಿಯಿಂದ ತಂತಿಗೆ ಬೆರಳಾಡಿಸಿ ನಕ್ಷೆ ಬರೆಸುವುದರಿಂದ ಹಲವರಿಗೆ ಸರಿಯಾಯಿತು, ಕೆಲವರಿಗೆ ಆಗಲಿಲ್ಲ. ವರದಿಯಲ್ಲಿ ಎಲ್ಲರಿಗೂ ಆಯಿತೆಂದು ಬರೆಯುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಇದೆ. ಆಗಲಿಲ್ಲವೆಂದು ಬರೆದರೂ ಅಂಕ ಹೋಗುವುದಿಲ್ಲ ಎಂಬುದನ್ನು ಮುಂದೆ ಓದುವವರು ತಿಳಿದಿರಲಿ.

ಕೊನೆಯ ಸೆಮಿಸ್ಟರಿನಲ್ಲಿ ರೆಕಾರ್ಡುಗಳು ಮೇಜಿನ ಮೇಲೆ ಗುಡ್ಡೆಯಾಗಿ ನಿಂತವು. ಪಾಠಯೋಜನೆಗಳು, ವೀಕ್ಷಣಾ ಪುಸ್ತಕ, ಮೈಕ್ರೋ ಟೀಚಿಂಗ್ ರೆಕಾರ್ಡು, ಮನೋವಿಜ್ಞಾನದ ಪ್ರಯೋಗಗಳು, ಸಾಧನಾ ಪರೀಕ್ಷೆ, ಕ್ರಿಯಾ ಸಂಶೋಧನೆ, ಓದು ಮತ್ತು ಚಿಂತನೆ, ನಾಟಕ ಮತ್ತು ಕಲೆ, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ (ಐಸಿಟಿ), ನಾಗರಿಕತ್ವ ತರಬೇತಿ ಶಿಬಿರದ ವರದಿ. ನಾಟಕದ ಕೆಲಸ ಚೆನ್ನಾಗಿತ್ತು, ಅದನ್ನು ಮಾಡಿದ್ದಕ್ಕೆ ಅದರ ಬಗ್ಗೆ ಇಪ್ಪತ್ತು ಪುಟ ಬರೆಯಬೇಕಾದದ್ದು ಚೆನ್ನಾಗಿರಲಿಲ್ಲ. ಬಾಹ್ಯ ಪರೀಕ್ಷಕರ ಮುಂದೆ ಅಂತಿಮ ಪ್ರಾಯೋಗಿಕ ಪಾಠ, ವೈವಾ, ಆಮೇಲೆ ಲಿಖಿತ ಪರೀಕ್ಷೆ. ಪ್ರಾಯೋಗಿಕ ಪಾಠಕ್ಕೆ ಮಾದರಿಗಳನ್ನು ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದವರೂ ಇದ್ದರು. ನನ್ನ ಪರೀಕ್ಷಕರು ಚಾರ್ಟಿನ ಕಡೆ ಕಣ್ಣು ಹಾಯಿಸಲೂ ಇಲ್ಲ. ಒಬ್ಬ ಹುಡುಗ ಕೊಟ್ಟ ಅರ್ಧ ಸರಿಯಾದ ಉತ್ತರವನ್ನು ಏಕೆ ತಿದ್ದದೆ ಇನ್ನೊಬ್ಬನಿಗೆ ದಾಟಿಸಿದಿರಿ ಎಂದು ಕೇಳಿದರು. ಕಾರಣ ಹೇಳಿದೆ. ಒಪ್ಪಿದರೋ ಇಲ್ಲವೋ, ಬರೆದುಕೊಂಡರು.

ಪದವಿ ಕೈಗೆ ಬಂದ ಮಾತ್ರಕ್ಕೆ ಸರ್ಕಾರಿ ಕೆಲಸದ ಬಾಗಿಲು ತೆರೆಯುವುದಿಲ್ಲ. 8ನೇ ತರಗತಿಯವರೆಗಿನ ಶಿಕ್ಷಕರಾಗಲು ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. 6ರಿಂದ 8ಕ್ಕೆ ಎರಡನೆಯ ಪತ್ರಿಕೆ, 150 ಅಂಕ, ತೇರ್ಗಡೆಗೆ ಶೇ. 60, ಪರಿಶಿಷ್ಟರು ಮೊದಲಾದವರಿಗೆ ಶೇ. 55. ಅದರಲ್ಲಿ ಅರವತ್ತು ಅಂಕ ಗಣಿತ ಮತ್ತು ವಿಜ್ಞಾನಕ್ಕೆ, ತಲಾ ಮೂವತ್ತು ಎರಡು ಭಾಷೆಗಳಿಗೆ, ಉಳಿದ ಮೂವತ್ತು ಮಗುವಿನ ಬೆಳವಣಿಗೆ ಮತ್ತು ಬೋಧನಾಶಾಸ್ತ್ರಕ್ಕೆ. ಪ್ರಮಾಣಪತ್ರದ ಮಾನ್ಯತೆ ಹಿಂದೆ ಏಳು ವರ್ಷವಿತ್ತು, 2021ರಿಂದ ಜೀವಿತಾವಧಿಯವರೆಗೆ ಇದೆ. ಪ್ರೌಢಶಾಲಾ ಸಹಶಿಕ್ಷಕರ ಹುದ್ದೆಗೆ ಇಲಾಖೆ ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ ನಡೆಸುತ್ತದೆ. ಅರ್ಜಿ ಯಾವಾಗ ಕರೆಯುತ್ತಾರೆಂದು ಕಾಯುತ್ತಲೇ ವಯೋಮಿತಿ ಸಮೀಪಿಸಿದ ಸಹಪಾಠಿಗಳು ನನಗಿದ್ದಾರೆ. ಅವರ ನಡುವೆ ಖಾಸಗಿ ಶಾಲೆಗೆ ಸೇರಿದವರು, ಅತಿಥಿ ಶಿಕ್ಷಕರಾದವರು, ಮತ್ತೆ ಟ್ಯೂಷನ್ನಿಗೆ ಮರಳಿದವರು ಎಲ್ಲರೂ ಇದ್ದಾರೆ.

ಈಗ ಪದವಿ ಓದುತ್ತಿರುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2030ರ ಹೊತ್ತಿಗೆ ಶಿಕ್ಷಕರಾಗಲು ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಕನಿಷ್ಠ ವಿದ್ಯಾರ್ಹತೆಯಾಗಬೇಕೆಂದು ಹೇಳುತ್ತದೆ. ಬೇರೆ ಪದವಿ ಪಡೆದವರಿಗೆ ಎರಡು ವರ್ಷದ ಕೋರ್ಸು, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇರುವವರಿಗೆ ಒಂದು ವರ್ಷದ ಕೋರ್ಸು ಇರಬಹುದೆಂದೂ ಅದರಲ್ಲಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಮೊದಲಿನಿಂದಲೂ ಇದೆ. ಹದಿನೆಂಟನೆಯ ವಯಸ್ಸಿನಲ್ಲೇ ಶಿಕ್ಷಕರಾಗಬೇಕೆಂದು ನಿಶ್ಚಯಿಸಿದವರಿಗೆ ಅದು ಒಳ್ಳೆಯ ದಾರಿ. ನನ್ನಂತೆ ತಡವಾಗಿ ಬಂದವರಿಗೆ ಒಂದು ವರ್ಷದ ಕೋರ್ಸು ಮತ್ತೆ ಬಂದರೆ ಖುಷಿಯಾಗಬಹುದು. ಕಡಿತವಾಗಬೇಕಾದದ್ದು ರೆಕಾರ್ಡುಗಳಾದರೆ ನನ್ನ ತಕರಾರಿಲ್ಲ, ಶಾಲೆಯ ಹದಿನಾರು ವಾರಗಳಿಗೆ ಕತ್ತರಿ ಹಾಕಿದರೆ ಮಾತ್ರ ಹಳೆಯ ಕೋರ್ಸಿನವರು ಹೇಳುವ ಮಾತೇ ಮತ್ತೆ ನಿಜವಾಗುತ್ತದೆ.

ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ತೇರ್ಗಡೆಯಾಗಿದ್ದೇನೆ. ನಾನೀಗಿರುವ ಶಾಲೆ ಖಾಸಗಿಯದು, ಸಂಬಳ ಟ್ಯೂಷನ್ನಿನಲ್ಲಿ ಗಳಿಸುತ್ತಿದ್ದುದಕ್ಕಿಂತ ಕಡಿಮೆ, ವಾರದ ಪೀರಿಯಡ್ಡುಗಳು ಹೆಚ್ಚು. ಸಂಜೆ ಪ್ರೌಢಶಾಲಾ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೇನೆ. ಭೌತವಿಜ್ಞಾನ ಮತ್ತು ಗಣಿತ ಮುಗಿದಿವೆ, ಸಾಮಾನ್ಯ ಜ್ಞಾನ ಬಾಕಿಯಿದೆ.